ಸಿಬಿಸಿ ರಿಪೋರ್ಟು ಗರ್ಭದ ಭವಿಷ್ಯ ಹೇಳುತ್ತದಾ?

ದಾವಣಗೆರೆಯ ಪಿ.ಜೆ. ಬಡಾವಣೆ ಕಡೆ ಬೆಳಗ್ಗೆ ಹತ್ತರ ಹೊತ್ತಿಗೆ ಹೋಗಿ ನೋಡಿ. ನರ್ಸಿಂಗ್ ಹೋಮ್, ಪಕ್ಕದಲ್ಲಿ ಮೆಡಿಕಲ್ ಶಾಪು, ಅದರ ಪಕ್ಕ ಲ್ಯಾಬು. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಭರಮಸಾಗರದಿಂದ ಬೆಳಗಿನ ಬಸ್ಸಿಗೆ ಬಂದವರು ಚೀಟಿ ಹಿಡಿದು ಕೂತಿರುತ್ತಾರೆ. ತಿಂಗಳು ನಿಂತಿರುವ ಹೆಣ್ಣುಮಕ್ಕಳ ಚೀಟಿ ಹೆಚ್ಚುಕಮ್ಮಿ ಒಂದೇ ಥರ: ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್, ಮೂತ್ರ ಪರೀಕ್ಷೆ. ಸಂಜೆಯೊಳಗೆ ರಿಪೋರ್ಟು ವಾಟ್ಸಾಪಿಗೆ ಬರುತ್ತದೆ.

ಈಚೆಗೆ ಕೆಲವು ಲ್ಯಾಬುಗಳ ಸಿಬಿಸಿ ಹಾಳೆಯ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಎರಡು ಜಾತಿಯ ಬಿಳಿ ರಕ್ತಕಣಗಳ ಅನುಪಾತ ಹೇಳುವ ಎನ್‌ಎಲ್‌ಆರ್. ಕೋವಿಡ್ ಕಾಲದಲ್ಲಿ ಈ ಅಂಕಿ ಹೆಸರು ಮಾಡಿತು, ಆಮೇಲೆ ಉಳಿದುಕೊಂಡಿತು. ಊರಿಗೆ ಹೋಗುವ ಬಸ್ಸಿನಲ್ಲೇ ಗಂಡ ಅದನ್ನು ಮೊಬೈಲಿನಲ್ಲಿ ಹುಡುಕುತ್ತಾನೆ. ಇಲ್ಲವೇ ಪಿಡಿಎಫ್ ಅನ್ನು ಯಾವುದೋ ಚಾಟ್‌ಬಾಟಿಗೆ ಹಾಕಿ ಕೇಳುತ್ತಾನೆ. "ಗರ್ಭಪಾತ ಆದವರಲ್ಲಿ ಎನ್‌ಎಲ್‌ಆರ್ ಜಾಸ್ತಿ ಇತ್ತು" ಅನ್ನುವ ಅಧ್ಯಯನವೊಂದು ಸಿಗುತ್ತದೆ. ಅಲ್ಲಿಗೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಅಂಥ ಅಧ್ಯಯನಗಳು ಇರುವುದು ನಿಜ. ಟರ್ಕಿ, ಚೀನಾದಿಂದ ಸಾಕಷ್ಟು ಬಂದಿವೆ. ಈಗ ಅದೇ ರಿಪೋರ್ಟಿನ ಎಲ್ಲ ಅಂಕಿಗಳನ್ನೂ ಹಳೆಯ ದಾಖಲೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ವಿಧಾನಕ್ಕೆ, ಅಂದರೆ ಮಷಿನ್ ಲರ್ನಿಂಗ್‌ಗೆ ಉಣಿಸಿ "ಯಾರ ಗರ್ಭ ನಿಲ್ಲುವುದಿಲ್ಲ ಅಂತ ಮೊದಲೇ ಹೇಳುತ್ತೇವೆ" ಅನ್ನುವ ಪ್ರಬಂಧಗಳೂ ಬರುತ್ತಿವೆ. ಹೇಗೂ ತೆಗೆಯುವ ರಕ್ತ, ಹೇಗೂ ಮಾಡುವ ಪರೀಕ್ಷೆ, ಹೆಚ್ಚಿಗೆ ಖರ್ಚಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆ ನಡೆಯಲಿ. ಆದರೆ ಇವತ್ತಿನ ಮಟ್ಟಿಗೆ ಆ ಸಾಲನ್ನು ನೋಡಿ ಯಾವ ಹೆಣ್ಣುಮಗಳಿಗೂ ಏನನ್ನೂ ಹೇಳುವ ಹಾಗಿಲ್ಲ.

ಮೊದಲು ಆ ಅಂಕಿ ಏನು ಅಂತ ನೋಡೋಣ. ಸಿಬಿಸಿ ಯಂತ್ರ ಬಿಳಿ ರಕ್ತಕಣಗಳನ್ನು ಎಣಿಸಿ, ಅವುಗಳಲ್ಲಿ ಯಾವ ಜಾತಿ ಎಷ್ಟು ಅಂತ ಶೇಕಡಾವಾರು ಕೊಡುತ್ತದೆ. ನ್ಯೂಟ್ರೋಫಿಲ್ 68, ಲಿಂಫೋಸೈಟ್ 24 ಅಂತ ಇದ್ದರೆ 68ನ್ನು 24ರಿಂದ ಭಾಗಿಸಿ. 2.8 ಬರುತ್ತದೆ. ಅಷ್ಟೇ ಎನ್‌ಎಲ್‌ಆರ್. ಪ್ಲೇಟ್‌ಲೆಟ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಪಿಎಲ್‌ಆರ್. ಹೊಸ ಪರೀಕ್ಷೆ ಏನೂ ಇಲ್ಲ, ಹಳೆಯ ಅಂಕಿಗಳ ಭಾಗಾಕಾರ.

ಇದರ ಹಿಂದಿನ ಯೋಚನೆ ಹುಚ್ಚು ಯೋಚನೆ ಅಲ್ಲ. ಗರ್ಭದಲ್ಲಿರುವ ಜೀವದ ಅರ್ಧ ಅಂಶ ಅಪ್ಪನದು. ಅಮ್ಮನ ದೇಹಕ್ಕೆ ಅದು ಅರ್ಧ ಹೊರಗಿನದ್ದೇ. ಅದನ್ನು ಸಹಿಸಿಕೊಂಡು, ಗರ್ಭಕೋಶದ ಗೋಡೆಯಲ್ಲಿ ಬೇರೂರಲು ಬಿಡುವುದರಲ್ಲಿ ರೋಗನಿರೋಧಕ ಕಣಗಳ ಪಾತ್ರ ದೊಡ್ಡದು. ಮಾಸು ಬೆಳೆಯುವ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವುದೂ ಹದ ತಪ್ಪಬಾರದು. ಹಾಗಾಗಿ ಆ ಏರುಪೇರಿನ ಸುಳಿವು ತೋಳಿನಿಂದ ತೆಗೆದ ರಕ್ತದಲ್ಲೂ ಸಿಗಬಹುದೇ ಅಂತ ಹುಡುಕುವುದು ಸರಿಯಾದ ಪ್ರಶ್ನೆ. ಆದರೆ ಗರ್ಭಕೋಶದ ಒಳಪದರದಲ್ಲಿ ಇರುವ ಕಣಗಳೇ ಬೇರೆ, ತೋಳಿನ ನರದಲ್ಲಿ ಹರಿಯುವ ಕಣಗಳೇ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವುದು ಅಷ್ಟು ಸುಲಭ ಅಲ್ಲ.

ಎಡವಟ್ಟು ಶುರುವಾಗುವುದು ರಕ್ತ ಯಾವಾಗ ತೆಗೆದರು ಅನ್ನುವುದರಲ್ಲಿ. ಇಂಥ ಅಧ್ಯಯನಗಳಲ್ಲಿ ಬಹಳಷ್ಟು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದು ನೋಡಿದವು. ಗರ್ಭಪಾತ ಆದವರ ಸಿಬಿಸಿ ಒಂದು ಕಡೆ, ಚೆನ್ನಾಗಿ ಹೆರಿಗೆ ಆದವರ ಸಿಬಿಸಿ ಇನ್ನೊಂದು ಕಡೆ. ಆದರೆ ಗರ್ಭಪಾತ ಆದವರು ರಕ್ತ ಕೊಟ್ಟಿದ್ದು ಎಷ್ಟೋ ಸಲ ಬ್ಲೀಡಿಂಗ್ ಶುರುವಾಗಿ ಆಸ್ಪತ್ರೆಗೆ ಓಡಿ ಬಂದಾಗ. ಒಳಗೆ ಭ್ರೂಣದ ಹೃದಯ ಆಗಲೇ ನಿಂತಿರುತ್ತದೆ. ರಕ್ತ ಹೋಗುತ್ತಿರುತ್ತದೆ, ನೋವು ಇರುತ್ತದೆ, ಗಾಬರಿ ಇರುತ್ತದೆ. ಇಷ್ಟೆಲ್ಲ ಆದಾಗ ನ್ಯೂಟ್ರೋಫಿಲ್ ಏರುವುದು ದೇಹದ ಮಾಮೂಲಿ ಸ್ವಭಾವ. ಆಗಿಹೋದ ಘಟನೆಯ ಗುರುತನ್ನು ಹಿಡಿದು "ಮುನ್ಸೂಚನೆ" ಅಂತ ಕರೆದರೆ ಹೇಗೆ?

ಇನ್ನೊಂದು ದೊಡ್ಡ ವಿಷಯ ಕಾರಣದ್ದು. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ಗರ್ಭಪಾತದಲ್ಲಿ ಮುಗಿಯುತ್ತವೆ. ಅವುಗಳಲ್ಲಿ ಸುಮಾರು ಶೇ 80 ಮೊದಲ ಮೂರು ತಿಂಗಳಲ್ಲೇ. ಹೀಗೆ ಬೇಗ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿರುವುದು. ಒಂದು ಜಾಸ್ತಿ ಬಂದಿರುತ್ತದೆ, ಇಲ್ಲವೇ ಒಂದು ಕಮ್ಮಿ. ಅಂಡಾಣು ತಯಾರಾಗುವಾಗಲೋ, ಫಲಿತವಾದ ಮೊದಲ ದಿನಗಳಲ್ಲೋ ಆದ ತಪ್ಪು ಅದು. ಅಮ್ಮನ ಬಿಳಿ ರಕ್ತಕಣಕ್ಕೆ ಅದರ ಸುದ್ದಿ ಹೇಗೆ ಗೊತ್ತಾಗಬೇಕು? ಅಂದರೆ ಎನ್‌ಎಲ್‌ಆರ್ ಎಷ್ಟೇ ಒಳ್ಳೆಯ ಅಳತೆ ಆಗಿದ್ದರೂ ಅರ್ಧದಷ್ಟು ಗರ್ಭಪಾತಗಳ ಮೂಲ ಅದರ ಕಣ್ಣಿಗೆ ಬೀಳುವುದೇ ಕಷ್ಟ.

ವರ್ಣತಂತುವಿನ ತಪ್ಪಿಗೆ ಹತ್ತಿರದ ಸುಳಿವು ವಯಸ್ಸು. ನಾರ್ವೆಯ ರಾಷ್ಟ್ರೀಯ ದಾಖಲೆಗಳನ್ನು ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 25ರಿಂದ 29 ವಯಸ್ಸಿನವರಲ್ಲಿ ಗರ್ಭಪಾತ ಶೇ 10 ಇತ್ತು, 45 ದಾಟಿದವರಲ್ಲಿ ಶೇ 53. ವಯಸ್ಸು ಕೇಳಲು ಸೂಜಿಯೂ ಬೇಡ, ಲ್ಯಾಬೂ ಬೇಡ. ಗರ್ಭಪಾತ ಊಹಿಸುವ ಹೊಸ ಲೆಕ್ಕ ಮಾಡಿದ್ದೇವೆ ಅನ್ನುವವರನ್ನು ನಾನು ಮೊದಲು ಕೇಳುವುದು ಇದನ್ನೇ: ಸುಮ್ನೆ ವಯಸ್ಸು ಮತ್ತು ಹಿಂದೆ ಎಷ್ಟು ಸಲ ಗರ್ಭ ಹೋಗಿದೆ ಅಂತ ಕೇಳಿದ್ದಕ್ಕಿಂತ ನಿಮ್ಮ ಲೆಕ್ಕ ಎಷ್ಟು ಜಾಸ್ತಿ ಹೇಳಿತು?

ಈಗ ಸ್ವಲ್ಪ ಗಣಿತ. ಪೇಪರು ಪೆನ್ನು ತಗೊಂಡು ಜೊತೆಗೆ ಹಾಕಿದರೆ ಒಳ್ಳೆಯದು. ಒಂದು ಪರೀಕ್ಷೆ ಇದೆ ಅಂದುಕೊಳ್ಳಿ. ಗರ್ಭಪಾತ ಆಗುವವರಲ್ಲಿ ಶೇ 70 ಜನರನ್ನು ಹಿಡಿಯುತ್ತದೆ. ಆಗದವರಲ್ಲಿ ಶೇ 70 ಜನರಿಗೆ ಸರಿಯಾಗಿ "ಏನಿಲ್ಲ" ಅನ್ನುತ್ತದೆ. ಇದು ಉದಾಹರಣೆಗೆ ನಾನು ಹಾಕಿಕೊಂಡ ಅಂಕಿ. ದಾವಣಗೆರೆಯ 1000 ಬಸುರಿಯರಿಗೆ ಈ ಪರೀಕ್ಷೆ ಮಾಡಿದೆವು, ಅವರಲ್ಲಿ 150 ಜನರ ಗರ್ಭ ಹೋಗುವುದಿತ್ತು ಅಂತ ಇಟ್ಟುಕೊಳ್ಳೋಣ. 150ರಲ್ಲಿ 105 ಜನರಿಗೆ ಪರೀಕ್ಷೆ "ಅಪಾಯ" ಅನ್ನುತ್ತದೆ. ಉಳಿದ 850ರಲ್ಲಿ ಶೇ 30, ಅಂದರೆ 255 ಜನರಿಗೂ "ಅಪಾಯ" ಅನ್ನುತ್ತದೆ. ಒಟ್ಟು 360 ಮನೆಗಳಿಗೆ ಹೆದರಿಕೆ ಹೋಯಿತು. ಅದರಲ್ಲಿ ನಿಜವಾದದ್ದು 105. ಹೆದರಿಸಿದ ಹತ್ತು ಜನರಲ್ಲಿ ಏಳು ಜನರಿಗೆ ಏನೂ ಆಗುವುದಿಲ್ಲ. ಇನ್ನೊಂದು ಕಡೆ "ಏನಿಲ್ಲ" ಅಂತ ಸಮಾಧಾನ ಮಾಡಿ ಕಳಿಸಿದ 640 ಜನರಲ್ಲಿ 45 ಜನರ ಗರ್ಭ ಹೋಗುತ್ತದೆ.

ಪ್ರಬಂಧಗಳಲ್ಲಿ ಇದನ್ನು ಎಯುಸಿ ಅನ್ನುವ ಒಂದೇ ಅಂಕಿಯಲ್ಲಿ ಬರೆಯುತ್ತಾರೆ. ಗರ್ಭ ಹೋದವರಲ್ಲಿ ಒಬ್ಬರನ್ನು, ನಿಂತವರಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿ. ಹೋದವರ ಅಂಕಿ ಜಾಸ್ತಿ ಇರುವ ಸಾಧ್ಯತೆ ಎಷ್ಟು ಅನ್ನುವುದೇ ಎಯುಸಿ. 0.5 ಅಂದರೆ ಕುರುಡು ಊಹೆ, 1 ಅಂದರೆ ತಪ್ಪೇ ಇಲ್ಲ. 0.7 ಅಂತ ಬಂದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಅದು ಮನೆ ಬಾಗಿಲಿಗೆ ಬಂದಾಗ ಏನಾಗುತ್ತದೆ ಅನ್ನುವುದು ಮೇಲಿನ ಲೆಕ್ಕದಲ್ಲೇ ಇದೆ.

ಮಷಿನ್ ಲರ್ನಿಂಗ್ ಅಂದಾಗ ಇನ್ನೊಂದು ಜಾಗ್ರತೆ ಬೇಕು. ಸಿಬಿಸಿ ಒಂದರಲ್ಲೇ ಇಪ್ಪತ್ತು ಚಿಲ್ಲರೆ ಅಂಕಿಗಳಿರುತ್ತವೆ. ಒಂದಕ್ಕೂ ಗರ್ಭಪಾತಕ್ಕೂ ಸಂಬಂಧವೇ ಇಲ್ಲದಿದ್ದರೂ, ಆಕಸ್ಮಿಕ ಆಗಿರುವ ಸಾಧ್ಯತೆ ಶೇ 5ಕ್ಕಿಂತ ಕಮ್ಮಿ ಇದ್ದರೆ ಸಾಕು ಅನ್ನುವ ಮಾಮೂಲಿ ಗೆರೆ ಇಟ್ಟುಕೊಂಡು ಇಪ್ಪತ್ತನ್ನು ತಡಕಿದರೆ ಸರಾಸರಿ ಒಂದು ಆಕಸ್ಮಿಕವಾಗಿಯೇ "ಸಂಬಂಧ ಇದೆ" ಅಂತ ಕಾಣಿಸುತ್ತದೆ. ಇನ್ನೂರು ಜನರ ಅಂಕಿ ನೋಡಿ "ಇದಕ್ಕಿಂತ ಜಾಸ್ತಿ ಇದ್ದರೆ ಅಪಾಯ" ಅಂತ ಗೆರೆ ಎಳೆದು, ಅದೇ ಇನ್ನೂರು ಜನರ ಮೇಲೆ ಪರೀಕ್ಷಿಸಿದರೆ ಪಾಸಾಗದೆ ಇರುತ್ತದಾ? ಬೇರೆ ಊರಿನ, ಬೇರೆ ಲ್ಯಾಬಿನ ಹೆಣ್ಣುಮಕ್ಕಳ ಮೇಲೆ ಪಾಸಾಗಬೇಕು.

ಆ ಬೇರೆ ಊರು ನಮ್ಮ ಊರೇ ಆದರೆ ಏನೇನು ಅಡ್ಡ ಬರುತ್ತದೆ ನೋಡಿ. ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ. ಅದರಲ್ಲಿ ಹೆಪ್ಪುಗಟ್ಟದ ಹಾಗೆ ಇಡಿಟಿಎ ಇರುತ್ತದೆ. ಆ ಇಡಿಟಿಎಯಲ್ಲಿ ಪ್ಲೇಟ್‌ಲೆಟ್‌ಗಳು ಹೊತ್ತು ಹೋದ ಹಾಗೆ ಊದಿಕೊಳ್ಳುತ್ತವೆ. ಗರ್ಭಪಾತದ ಅಧ್ಯಯನಗಳಲ್ಲಿ ಹೆಸರು ಬರುವ ಅಂಕಿಗಳಲ್ಲಿ ಎಂಪಿವಿ ಒಂದು, ಅಂದರೆ ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ. ಹಳ್ಳಿಯ ಕಲೆಕ್ಷನ್ ಸೆಂಟರಿನಲ್ಲಿ ಬೆಳಗ್ಗೆ ತೆಗೆದ ರಕ್ತ ಮಧ್ಯಾಹ್ನದ ಮೇಲೆ ಬೈಕಿನಲ್ಲಿ ಪೇಟೆಯ ಲ್ಯಾಬಿಗೆ ಬಂದರೆ, ಎಂಪಿವಿ ಜಾಸ್ತಿ ಬಂದಿದ್ದಕ್ಕೆ ಗರ್ಭ ಕಾರಣವೋ ದಾರಿ ಕಾರಣವೋ? ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಯಂತ್ರ ಕಮ್ಮಿ ಎಣಿಸುತ್ತದೆ. ಪಿಎಲ್‌ಆರ್ ಸುಮ್ನೆ ಇಳಿದುಬಿಡುತ್ತದೆ.

ಆರ್‌ಡಿಡಬ್ಲ್ಯೂ ಅಂತ ಇನ್ನೊಂದು ಇದೆ. ಕೆಂಪು ಕಣಗಳ ಗಾತ್ರದಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಹೇಳುತ್ತದೆ. ಕಬ್ಬಿಣದ ಕೊರತೆ ಇದ್ದರೆ ಅದು ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಬಸುರಿಯರಲ್ಲಿ ಶೇ 52.2 ಜನರಿಗೆ ರಕ್ತಹೀನತೆ ಇತ್ತು. ಅರ್ಧಕ್ಕರ್ಧ ಜನರಿಗೆ ರಕ್ತ ಕಮ್ಮಿ ಇರುವ ಕಡೆ, ರಕ್ತಹೀನತೆ ಅಷ್ಟಿಲ್ಲದ ಊರಿನ ಗೆರೆ ಎಳೆದರೆ ನಮ್ಮ ಹೆಣ್ಣುಮಕ್ಕಳೆಲ್ಲ "ಅಪಾಯ"ದಲ್ಲೇ ಇರುತ್ತಾರೆ. ಮಳೆಗಾಲದಲ್ಲಿ ಡೆಂಗಿ ಬಂದರೆ ಪ್ಲೇಟ್‌ಲೆಟ್ ಇಳಿಯುತ್ತದೆ. ಉಬ್ಬಸಕ್ಕೆ ಸ್ಟೀರಾಯ್ಡ್ ತಗೊಂಡಿದ್ದರೆ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತದೆ. 80ಕ್ಕೆ 12 ಆದರೆ ಎನ್‌ಎಲ್‌ಆರ್ 6.7. ಅದಕ್ಕೂ ಗರ್ಭಕ್ಕೂ ಏನೂ ಸಂಬಂಧ ಇಲ್ಲ.

ಎಲ್ಲಕ್ಕಿಂತ ಸರಳ ವಿಷಯವನ್ನು ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಬಸುರಿಯಲ್ಲಿ ಬಿಳಿ ರಕ್ತಕಣ ಏರುವುದು ಸಹಜ, ಅದರಲ್ಲೂ ನ್ಯೂಟ್ರೋಫಿಲ್. ರಿಪೋರ್ಟಿನ ಬಲಗಡೆ ಅಚ್ಚಾಗಿರುವ "ನಾರ್ಮಲ್" ಮಿತಿ ಸಾಮಾನ್ಯವಾಗಿ ಬಸುರಿ ಅಲ್ಲದವರದ್ದು. ಒಟ್ಟು ಎಣಿಕೆ 12,000 ಬಂದು ಪಕ್ಕದಲ್ಲಿ ದಪ್ಪ ಅಕ್ಷರದ "ಹೈ" ಬಿದ್ದಿದ್ದರೆ, ಅದು ಗರ್ಭ ನಿಂತಿರುವುದರ ಲಕ್ಷಣವೇ ಆಗಿರಬಹುದು.

ಹಾಗಾದರೆ ರಕ್ತದಲ್ಲಿ ಏನೂ ಗೊತ್ತಾಗುವುದೇ ಇಲ್ವಾ? ಗೊತ್ತಾಗುತ್ತದೆ, ಬೇರೆ ಪರೀಕ್ಷೆಯಲ್ಲಿ. ಬೀಟಾ ಎಚ್‌ಸಿಜಿ ಮಾಸು ಆಗುವ ಕಣಗಳಿಂದಲೇ ಬರುವ ಹಾರ್ಮೋನು. ಒಂದು ಸಲ ನೋಡಿದರೆ ಹೆಚ್ಚೇನೂ ತಿಳಿಯದು. 48 ಗಂಟೆ ಬಿಟ್ಟು ಮತ್ತೆ ನೋಡಿದಾಗ ಎಷ್ಟು ಏರಿದೆ ಅನ್ನುವುದು ಮುಖ್ಯ. "ಎರಡು ದಿನಕ್ಕೆ ದುಪ್ಪಟ್ಟಾಗಲೇಬೇಕು" ಅನ್ನುವುದು ಹಳೆಯ ಮಾತು. ಮೊದಲ ಅಂಕಿ 1500ಕ್ಕಿಂತ ಕಮ್ಮಿ ಇದ್ದರೆ ಕನಿಷ್ಠ ಶೇ 49 ಏರಬೇಕು, 1500ರಿಂದ 3000 ಇದ್ದರೆ ಶೇ 40, ಅದಕ್ಕೂ ಮೇಲಿದ್ದರೆ ಶೇ 33 ಅನ್ನುವುದು ಈಗಿನ ಲೆಕ್ಕ. ದುಪ್ಪಟ್ಟಾಗಲಿಲ್ಲ ಅಂತ ಅತ್ತುಕೊಂಡು ಊರಿಗೆ ಹೋದವರಲ್ಲಿ ಎಷ್ಟೋ ಜನರ ಗರ್ಭ ಚೆನ್ನಾಗಿಯೇ ಇದ್ದಿರಬಹುದು.

ಈ ಪರೀಕ್ಷೆಯ ದೊಡ್ಡ ಉಪಯೋಗ ಗರ್ಭಪಾತ ಊಹಿಸುವುದಕ್ಕಲ್ಲ ಅಂತ ನನಗನಿಸುತ್ತದೆ. ಗರ್ಭ ನಳಿಕೆಯಲ್ಲಿ ಕೂತಿದೆಯೇ ಅಂತ ಸಂಶಯ ಬಂದಾಗ ಇದು ಜೀವ ಉಳಿಸುತ್ತದೆ. ಎಚ್‌ಸಿಜಿ ಏರುತ್ತಿದೆ, ಆದರೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಗೆ ಚೀಲ ಕಾಣಿಸುತ್ತಿಲ್ಲ ಅಂದರೆ ಡಾಕ್ಟ್ರು ಎಚ್ಚರ ಆಗುತ್ತಾರೆ. ತಿಂಗಳು ನಿಂತವರಿಗೆ ಕೆಳಹೊಟ್ಟೆ ಒಂದೇ ಕಡೆ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಮೊಳಕಾಲ್ಮೂರಿನಲ್ಲಿ ಇರಲಿ ಹೊಸದುರ್ಗದಲ್ಲಿ ಇರಲಿ, ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು.

ಗರ್ಭ ಉಳಿಯಲು ಬೇಕಾದ ಹಾರ್ಮೋನು ಪ್ರೊಜೆಸ್ಟೆರಾನ್ ಇನ್ನೊಂದು. ನೋವು ಅಥವಾ ಬ್ಲೀಡಿಂಗ್ ಇದ್ದು, ಸ್ಕ್ಯಾನಿಂಗ್‌ನಲ್ಲಿ ಏನೂ ಸ್ಪಷ್ಟ ಆಗದಿದ್ದಾಗ, ಅದು ತೀರಾ ಕಮ್ಮಿ ಬಂದರೆ ಗರ್ಭ ಉಳಿಯುವ ಸಾಧ್ಯತೆ ಬಹಳ ಕಮ್ಮಿ ಅಂತ ಗಟ್ಟಿಯಾಗಿ ಹೇಳಬಹುದು. ಅದು ತೊಂದರೆ ಇರುವವರಿಗೆ. ಸುಮ್ನೆ ಬಂದ ಎಲ್ಲರಿಗೂ ಅಲ್ಲ.

ಕೊನೆಗೆ ಮಾತು ಬಂದು ನಿಲ್ಲುವುದು ಸ್ಕ್ಯಾನಿಂಗ್‌ನಲ್ಲೇ. ಅಲ್ಲೂ ಆತುರ ಬೇಡ. ಭ್ರೂಣ 7 ಮಿಲಿಮೀಟರ್ ಅಥವಾ ಜಾಸ್ತಿ ಇದ್ದೂ ಹೃದಯ ಬಡಿತ ಇಲ್ಲ, ಅಥವಾ ಚೀಲ ಸರಾಸರಿ 25 ಮಿಲಿಮೀಟರ್ ಮುಟ್ಟಿದರೂ ಭ್ರೂಣ ಇಲ್ಲ ಅಂದಾಗ ಮಾತ್ರ "ಉಳಿಯುವುದಿಲ್ಲ" ಅನ್ನಬಹುದು. 2013ರ ಸುಮಾರಿಗೆ ಈ ಗೆರೆಗಳನ್ನು ಬೇಕೆಂದೇ ಮೇಲಕ್ಕೆ ಎಳೆದರು. ಮೊದಲಿದ್ದ ಗೆರೆಯಲ್ಲಿ ಬದುಕಿರುವ ಗರ್ಭವನ್ನೂ ಹೋಗಿದೆ ಅಂತ ಹೇಳುವ ಅಪಾಯ ಇತ್ತು. ಅದಕ್ಕಿಂತ ಚಿಕ್ಕದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ಆ ಕಾಯುವ ದಿನಗಳು ಕಷ್ಟ. ಅದಕ್ಕೆ ಅಡ್ಡದಾರಿ ಇಲ್ಲ.

ಸರಿ, ನಾಳೆ ಯಾರೋ ಒಬ್ಬರು ನಿಜವಾಗಿಯೂ ಚೆನ್ನಾಗಿ ಊಹಿಸುವ ರಕ್ತಪರೀಕ್ಷೆ ತಂದರು ಅಂದುಕೊಳ್ಳಿ. ಆಮೇಲೆ? ನಮ್ಮ ಕಡೆ ರೋಡಿನ ಮೇಲೆ ಮೆಕ್ಕೆಜೋಳ ಒಣಹಾಕಿದವರಿಗೆ ಸಂಜೆ ಮಳೆ ಬರುತ್ತದೆ ಅಂತ ಗೊತ್ತಾದರೆ ತಾಡಪಾಲು ಹೊದಿಸುತ್ತಾರೆ. ಸುದ್ದಿಗೆ ಬೆಲೆ ಬರುವುದು ತಾಡಪಾಲು ಇದ್ದಾಗ. ಇಲ್ಲಿ ತಾಡಪಾಲು ಎಲ್ಲಿದೆ?

ಬೆಡ್ ರೆಸ್ಟ್‌ನಿಂದ ಗರ್ಭಪಾತ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಪ್ರೊಜೆಸ್ಟೆರಾನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗ ಬ್ರಿಟನ್ನಿನ ಪ್ರಿಸಮ್, 2019ರದು. ಮೊದಲ ತಿಂಗಳುಗಳಲ್ಲಿ ಬ್ಲೀಡಿಂಗ್ ಆದ 4153 ಹೆಣ್ಣುಮಕ್ಕಳು ಅದರಲ್ಲಿದ್ದರು. ಔಷಧಿ ಪಡೆದವರಲ್ಲಿ ಶೇ 75 ಜನರಿಗೆ ಮಗು ಆಯಿತು, ಖಾಲಿ ಗುಳಿಗೆ ಪಡೆದವರಲ್ಲಿ ಶೇ 72. ಒಟ್ಟಾರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆದರೆ ಹಿಂದೆ ಮೂರು ಅಥವಾ ಜಾಸ್ತಿ ಸಲ ಗರ್ಭ ಹೋಗಿ, ಈಗಲೂ ಬ್ಲೀಡಿಂಗ್ ಇರುವವರಲ್ಲಿ ಔಷಧಿ ಪಡೆದವರಿಗೆ ಶೇ 72, ಖಾಲಿ ಗುಳಿಗೆಯವರಿಗೆ ಶೇ 57. ಹಾಗಾಗಿ ಹಿಂದೆ ಗರ್ಭಪಾತ ಆಗಿ ಈಗ ಬ್ಲೀಡಿಂಗ್ ಇರುವವರಿಗೆ ಕೊಡಬಹುದು ಅಂತ ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಹೇಳಿತು. ಗಮನಿಸಿ, ಯಾರಿಗೆ ಉಪಯೋಗ ಅಂತ ಗೊತ್ತಾಗಿದ್ದು ಹಿಂದಿನ ಕಥೆ ಕೇಳಿದ್ದರಿಂದ. ಎನ್‌ಎಲ್‌ಆರ್ ನೋಡಿ ಅಲ್ಲ.

ಪದೇ ಪದೇ ಗರ್ಭ ಹೋಗುವವರಿಗೆ ಮಾಡಬೇಕಾದ ರಕ್ತಪರೀಕ್ಷೆ ಇದೆ: ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ. ಒಂದು ಸಲ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಬರಬೇಕು. ಬಂದರೆ ಆಸ್ಪಿರಿನ್, ಹೆಪಾರಿನ್ ಚಿಕಿತ್ಸೆ ಇದೆ. ಇಲ್ಲಿ ತಾಡಪಾಲು ಇದೆ ನೋಡಿ.

ಮಾಮೂಲಿ ರಕ್ತಪರೀಕ್ಷೆಯೂ ದಂಡ ಅಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ಕಬ್ಬಿಣದ ಮಾತ್ರೆ ಇದೆ. ಥೈರಾಯ್ಡ್ ಸ್ಪಷ್ಟವಾಗಿ ಕಮ್ಮಿ ಇದ್ದರೆ ಔಷಧಿ ಇದೆ. ಸಿಫಿಲಿಸ್ ಬಂದರೆ ಪೆನ್ಸಿಲಿನ್ ಇದೆ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಯೋಚಿಸಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಜಾಸ್ತಿ ಇದ್ದರೆ ಗರ್ಭಪಾತದ ಅಪಾಯವೂ ಜಾಸ್ತಿ. ಅದಕ್ಕೇ ಅದನ್ನು 6.5ಕ್ಕಿಂತ ಕೆಳಗೆ ತಂದುಕೊಂಡು ಬಸುರಿ ಆಗಿ ಅನ್ನುತ್ತಾರೆ. ಅಂದರೆ ಈ ಪರೀಕ್ಷೆಗೆ ಸರಿಯಾದ ಹೊತ್ತು ತಿಂಗಳು ನಿಂತ ಮೇಲಲ್ಲ, ಮಗು ಬೇಕು ಅಂತ ಯೋಚನೆ ಬಂದಾಗ. ಮದುವೆಗೆ ಛತ್ರ ಬುಕ್ ಮಾಡುವುದರಲ್ಲಿ ತೋರಿಸುವ ಮುಂದಾಲೋಚನೆಯಲ್ಲಿ ಕಾಲುಭಾಗ ಇಲ್ಲಿ ತೋರಿಸಿದರೆ ಸಾಕು.

ತಪ್ಪು ಮುನ್ಸೂಚನೆಯಿಂದ ನಷ್ಟ ಏನು ಅಂತ ಕೇಳುವವರಿದ್ದಾರೆ. ಮನೆಗಳಲ್ಲಿ ಆಗುವುದನ್ನು ನೋಡಿ. ಗರ್ಭ ಹೋದ ಕೂಡಲೇ ಅತ್ತೆಯಿಂದ ಬರುವ ಮೊದಲ ಪ್ರಶ್ನೆ, "ಏನು ತಿಂದಿದ್ದೆವ್ವಾ, ಪಪ್ಪಾಯಿ ಏನಾದ್ರೂ ತಿಂದಿದ್ದಾ?" ಎಳ್ಳು, ಉಷ್ಣ, ಬಿಂದಿಗೆ ಎತ್ತಿದ್ದು, ಸ್ಕೂಟಿ ಓಡಿಸಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಈಗ ಇದಕ್ಕೆ ಲ್ಯಾಬಿನ ಸೀಲು ಇರುವ ಇನ್ನೊಂದು ಕಾಗದ ಸೇರಿದರೆ? "ನಿನ್ನ ರಕ್ತದಲ್ಲೇ ಇತ್ತು ಅಂತ ರಿಪೋರ್ಟಿನಲ್ಲೇ ಬಂದಿತ್ತು." ಸೊಸೆಯ ವರ್ಣತಂತು ಸರಿ ಇದೆ, ಗಂಡನದೂ ಸರಿ ಇದೆ, ಆ ಒಂದು ಭ್ರೂಣದ್ದು ಮಾತ್ರ ತಪ್ಪಿತ್ತು ಅನ್ನುವ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಅಂದಹಾಗೆ, ಕಾನೂನಿನ ಪ್ರಕಾರ ಗರ್ಭಪಾತ ಆದ ಉದ್ಯೋಗಸ್ಥ ಮಹಿಳೆಗೆ ಆರು ವಾರ ಸಂಬಳಸಹಿತ ರಜೆ ಇದೆ. ಈ ವಿಷಯವೂ ಬಹಳ ಜನರಿಗೆ ಗೊತ್ತಿಲ್ಲ.

ಸರಿಯಾದ ಅಧ್ಯಯನ ದಾವಣಗೆರೆ, ಚಿತ್ರದುರ್ಗದಲ್ಲೇ ಮಾಡಬಹುದು. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ. ಎಸ್.ಎಸ್. ಸಂಸ್ಥೆ ಇದೆ, ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜು ಇದೆ, ಎರಡೂ ಕಡೆ ಜಿಲ್ಲಾಸ್ಪತ್ರೆ ಇದೆ. ಬ್ಲೀಡಿಂಗ್ ಶುರುವಾಗುವ ಮೊದಲೇ ರಕ್ತ ತೆಗೆಯಬೇಕು. ಗೆರೆ ಎಲ್ಲಿ ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಟ್ಯೂಬು ಎಷ್ಟು ಹೊತ್ತಿಗೆ ಯಂತ್ರಕ್ಕೆ ಹೋಯಿತು ಅಂತ ನಮೂದಿಸಬೇಕು. ಒಬ್ಬರನ್ನೂ ಬಿಡದೆ 13 ವಾರದ ತನಕ ಹಿಂಬಾಲಿಸಬೇಕು.

ಮೊದಲ ಷರತ್ತಿನಲ್ಲೇ ತೊಡಕು ಇದೆ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅನ್ನುವ ರೂಢಿ ನಮ್ಮಲ್ಲಿ ಗಟ್ಟಿ. ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯೂ ನಾಲ್ಕನೇ ತಿಂಗಳಿನಿಂದ ಮುಂದಿನವರಿಗೆ ಅಂತಲೇ ಇರುವುದು. ನೋಂದಣಿ ಆದವರ ಗರ್ಭ ಹೋದರೆ ಬರೆದುಕೊಳ್ಳಲು ಪುಸ್ತಕದಲ್ಲಿ ಜಾಗ ಇದೆ. ಆರನೇ, ಏಳನೇ ವಾರದಲ್ಲೇ ಹೋದವರ ಕೈಗೆ ತಾಯಿ ಕಾರ್ಡೇ ಬಂದಿರುವುದಿಲ್ಲ. ಸಿಬಿಸಿಯಿಂದ ಊಹಿಸುತ್ತೇವೆ ಅನ್ನುತ್ತಿರುವುದು ಇವರದ್ದೇ ಗರ್ಭ. ಅವರು ಎಷ್ಟು ಜನ ಅಂತ ಎಣಿಸುವ ಕೆಲಸ ಎನ್‌ಎಲ್‌ಆರ್‌ಗಿಂತ ಮೊದಲು ಆಗಬೇಕು. ಅದಕ್ಕೆ ಯಂತ್ರ ಬೇಡ, ಮನೆಯವರು ಮೊದಲ ತಿಂಗಳೇ ಆಶಾಗೆ ಒಂದು ಮಾತು ಹೇಳಿದರೆ ಆಯಿತು.